ಶಿಕ್ಷೆಯಾಗದ ಸುಳ್ಳು



1911ರ ಮಾರ್ಚಿನಲ್ಲಿ, ತ್ಸಾರ್ ಆಳ್ವಿಕೆಯ ಕೀವ್ ನಗರದ ಅಂಚಿನ ಗುಹೆಯೊಂದರಲ್ಲಿ 13 ವರ್ಷದ ಬಾಲಕನ ಶವ ದೊರೆಯಿತು. ಯೆಹೂದಿಗಳು ಹಬ್ಬದ ರೊಟ್ಟಿಗೆ ಕ್ರೈಸ್ತ ಮಕ್ಕಳ ರಕ್ತ ಬೆರೆಸುತ್ತಾರೆಂಬ ಶತಮಾನಗಳ ಸುಳ್ಳನ್ನು ಬಲಪಂಥೀಯ ಪತ್ರಿಕೆಗಳು ಮತ್ತೆ ಹರಡಿದವು. ಸ್ಥಳೀಯ ಕಳ್ಳರ ಗುಂಪಿನತ್ತ ಬೊಟ್ಟು ಮಾಡಿದ ತನಿಖಾಧಿಕಾರಿಯನ್ನು ಬದಿಗೆ ಸರಿಸಲಾಯಿತು. ಇಟ್ಟಿಗೆ ಕಾರ್ಖಾನೆಯೊಂದರ ಗುಮಾಸ್ತ ಮೆಂಡೆಲ್ ಬೇಯ್ಲಿಸ್ ಎರಡು ವರ್ಷಕ್ಕೂ ಹೆಚ್ಚು ಕಾಲ ಸೆರೆಯಲ್ಲಿ ಕಳೆದರು. ಅವರ ಅಪರಾಧ ಯೆಹೂದಿಯಾಗಿದ್ದುದು. ಆರೋಪದ ಬೆನ್ನಿಗೆ ನಿಂತವನು ಸ್ವತಃ ನ್ಯಾಯಮಂತ್ರಿ ಶ್ಚೆಗ್ಲೊವಿಟೊವ್.

1913ರಲ್ಲಿ, ಬಹುಪಾಲು ರೈತರೇ ಇದ್ದ ಜ್ಯೂರಿ ಬೇಯ್ಲಿಸ್ ನಿರ್ದೋಷಿ ಎಂದಿತು. ನ್ಯಾಯ ಗೆದ್ದಿತೆಂದು ನಾವು ಕಥೆಯನ್ನು ಇಲ್ಲಿಗೇ ಮುಗಿಸುತ್ತೇವೆ. ಆದರೆ ಜ್ಯೂರಿಯ ಮುಂದೆ ಇನ್ನೊಂದು ಪ್ರಶ್ನೆಯೂ ಇತ್ತು: ಆ ಯೆಹೂದಿ ಒಡೆತನದ ಕಾರ್ಖಾನೆಯ ಆವರಣದಲ್ಲಿಯೇ, ಮೈಯ ರಕ್ತವೆಲ್ಲ ಬಸಿದುಹೋಗುವಂತೆ, ಬಾಲಕನನ್ನು ಇರಿಯಲಾಯಿತೇ? ಅದಕ್ಕೆ ಜ್ಯೂರಿ 'ಹೌದು' ಎಂದಿತು.

ವ್ಯಕ್ತಿ ಖುಲಾಸೆಯಾದರು, ಸಮುದಾಯ ಕಟಕಟೆಯಲ್ಲಿಯೇ ಉಳಿಯಿತು. ಪ್ರಭುತ್ವಕ್ಕೆ ಬೇಕಿದ್ದುದೂ ಅಷ್ಟೇ.

ಆದ್ದರಿಂದ, ಒಬ್ಬ ನಿರಪರಾಧಿಯ ಬಿಡುಗಡೆಯನ್ನು ಸಂಭ್ರಮಿಸುವಾಗಲೂ ಒಂದು ಪ್ರಶ್ನೆಯನ್ನು ಕೈಬಿಡದಿರೋಣ: ಅವನನ್ನು ಸೆರೆಗೆ ತಳ್ಳಿದ ಮಾತು ಈಗ ಯಾರ ನಾಲಗೆಯ ಮೇಲಿದೆ?