ಗುರುತು ತೋರದ ಕರುಳಿನ ಕಟ್ಟು



ಸಣ್ಣ ಕರುಳು ಕಟ್ಟಿಕೊಂಡಿದೆ ಎಂಬ ಅನುಮಾನ ಬಂದಾಗ ನಾವು ಮೊದಲು ಹುಡುಕುವುದು ಹಳೆಯ ಆಪರೇಷನ್ನಿನ ಕಲೆ ಅಥವಾ ಉಬ್ಬಿದ ಹರ್ನಿಯಾ. ಎರಡೂ ಕಾಣದಿದ್ದರೆ ‘ಗ್ಯಾಸು’ ಎಂದು ಮಾತ್ರೆ ಕೊಟ್ಟು ಕಳಿಸುವ ಅಪಾಯವಿದೆ. ಇಂದು ಉದ್ಘಾಟನೆಗೊಂಡ ಈ ಪ್ರದರ್ಶನ ಅಂಥ ರೋಗಿಗಳ ಕುರಿತದ್ದು.

ಕೂದಲು ಕಿತ್ತು ನುಂಗುವ ಹುಡುಗಿಯರ ಜಠರದಲ್ಲಿ ಬೆಳೆದ ಉಂಡೆಯನ್ನು ನೋಡುತ್ತೀರಿ. ಅದರ ಬಾಲ ಸಣ್ಣ ಕರುಳಿಗೂ ಇಳಿದಿರುತ್ತದೆ. ಉಂಡೆ ತೆಗೆದರೆ ಸಾಲದು, ಮನೋವೈದ್ಯರೂ ಆ ಮಗುವನ್ನು ನೋಡಬೇಕು.

ಪಿತ್ತಕೋಶದ ಗೋಡೆ ಸವೆದು ನೇರವಾಗಿ ಕರುಳಿಗೆ ಇಳಿದ ದೊಡ್ಡ ಕಲ್ಲು ಇನ್ನೊಂದು ಕಾರಣ. ಸಿಕ್ಕಿಕೊಂಡ ಜಾಗದಲ್ಲಿ ಕರುಳು ನೊಂದಿರುತ್ತದೆ, ಅಲ್ಲಿ ಕೊಯ್ಯುವುದಿಲ್ಲ. ಕಲ್ಲನ್ನು ಹಿಂದಕ್ಕೆ ಸರಿಸಿ, ಗಟ್ಟಿಯಾಗಿರುವ ಭಾಗವನ್ನು ಉದ್ದಕ್ಕೆ ಸೀಳಿ ಹೊರತೆಗೆದು, ಅಡ್ಡಕ್ಕೆ ಹೊಲಿಯುತ್ತೇವೆ. ಆಗ ದಾರಿ ಕಿರಿದಾಗುವುದಿಲ್ಲ. ಇದೇ ತತ್ತ್ವದಿಂದ, ಕ್ಷಯದಿಂದ ಬಿಗಿದುಕೊಂಡ ಕರುಳನ್ನೂ ತುಂಡರಿಸದೆ ಉಳಿಸಬಹುದು ಎಂದು 1977ರಲ್ಲಿ ಬರೆದು ತಿಳಿಸಿದವರು ನಮ್ಮ ದೇಶದ ಕಟಾರಿಯಾ ಮತ್ತು ಸಂಗಡಿಗರು. ಮುಂದೆ ಆಕ್ಸ್‌ಫರ್ಡ್‌ನಲ್ಲಿ ಕ್ರೋನ್ಸ್ ರೋಗಿಗಳಿಗೂ ಆ ವಿಧಾನ ನೆರವಾಯಿತು. ಪ್ರದರ್ಶನದಲ್ಲಿರುವ ಆ ವಿಧಾನದ ಚಿತ್ರದ ಮುಂದೆ ವೈದ್ಯ ವಿದ್ಯಾರ್ಥಿಗಳು ತುಸು ಹೆಚ್ಚು ಹೊತ್ತು ನಿಲ್ಲಲಿ ಎಂಬುದು ನನ್ನ ಆಸೆ.

ಆದರೆ ನನ್ನನ್ನು ಹೆಚ್ಚು ಕಾಡುವುದು ಬಡಕಲು ದೇಹದ ಅಜ್ಜಿಯರ ಕಥೆ. ವಯಸ್ಸಾಗಿ ಕೊಬ್ಬು ಕರಗಿದ ಮೇಲೆ ಸೊಂಟದ ಮೂಳೆಯಲ್ಲಿರುವ ಕಿಂಡಿಯೊಂದು ಸಡಿಲಾಗುತ್ತದೆ, ಕರುಳಿನ ಒಂದು ಮಗ್ಗುಲು ಅದರೊಳಗೆ ನುಸುಳುತ್ತದೆ. ಹೊರಗೆ ಉಬ್ಬು ಕಾಣುವುದಿಲ್ಲ. ಕಿಂಡಿಯಲ್ಲಿ ಹಾಯುವ ನರ ಒತ್ತಿ ತೊಡೆಯ ಒಳಭಾಗದಿಂದ ಮಂಡಿಯವರೆಗೆ ನೋವು ಬರುತ್ತದೆ. ಮನೆಯವರು ಮಂಡಿಗೆ ಎಣ್ಣೆ ತಿಕ್ಕುತ್ತಾ ಕೂರುತ್ತಾರೆ, ಒಳಗೆ ಕರುಳು ಕಪ್ಪಾಗುತ್ತಿರುತ್ತದೆ. ಸಿ.ಟಿ. ಸ್ಕ್ಯಾನ್ ಮಾಡಿದರೆ ಇದು ಸ್ಪಷ್ಟವಾಗಿ ಕಾಣುತ್ತದೆ. ಬೇಗ ಬಂದರೆ ಕರುಳನ್ನು ಮೆಲ್ಲಗೆ ಬಿಡಿಸಿ ಕಿಂಡಿ ಮುಚ್ಚಿದರೆ ಸಾಕು. ತಡವಾದರೆ ಸತ್ತ ಭಾಗವನ್ನು ಕತ್ತರಿಸಿ ಜೋಡಿಸಬೇಕಾಗುತ್ತದೆ. ಆ ವಯಸ್ಸಿನಲ್ಲಿ ಅದು ಸಣ್ಣ ಮಾತಲ್ಲ.

ಆಶಾ ತಾಯಂದಿರೆ, ನಿಮ್ಮಲ್ಲೊಂದು ವಿನಂತಿ. ಅಜ್ಜಿ ಹಸಿರು ವಾಂತಿ ಮಾಡುತ್ತಿದ್ದು, ಹೊಟ್ಟೆ ಬಿಗಿದು, ಗಾಳಿಯೂ ಹೋಗದಿದ್ದರೆ ಭೇದಿಗೆ ಕೊಡಬೇಡಿ, ಊಟ ಮಾಡಿಸಬೇಡಿ. ತೊಡೆ ನೋಯುತ್ತಿದೆಯೇ ಎಂದು ಕೇಳಿ, ಆ ಮಾತನ್ನು ಚೀಟಿಯಲ್ಲಿ ಬರೆದು ಅಂದೇ ಆಸ್ಪತ್ರೆಗೆ ಕಳಿಸಿ.

ಪ್ರದರ್ಶನವನ್ನು ಉದ್ಘಾಟಿಸಿದ್ದೇನೆ. ಬನ್ನಿ, ಒಳಗೆ ಹೋಗೋಣ.