ಲ್ಯಾಬ್ ಇಲ್ಲದ ಊರಲ್ಲಿ ಹುಟ್ಟಿದ ಪ್ರಶ್ನೆ

ಮೊನ್ನೆ ಒಂದು ಇಂಜಿನಿಯರಿಂಗ್ ಕಾಲೇಜಿಗೆ ಅತಿಥಿಯಾಗಿ ಹೋಗಿದ್ದೆ. ಭಾಷಣ ಮುಗಿದ ಮೇಲೆ ಒಬ್ಬ ಹುಡುಗ ಎದ್ದು ನಿಂತ. 'ಸರ್, ನಮ್ಮ ಲ್ಯಾಬಲ್ಲಿ ನೆಟ್ಟಗಿರೋ ಉಪಕರಣ ಒಂದೂ ಇಲ್ಲ. ರಿಸರ್ಚ್ ಮಾಡಿ ಅಂದ್ರೆ ಏನ್ ಮಾಡೋದು?' ನಾನು ತಬ್ಬಿಬ್ಬಾದೆ. ಯಾಕೆಂದರೆ ಇದೇ ಮಾತು ಹೇಳಿಕೊಂಡು, ಕೊನೇ ವರ್ಷದ ಪ್ರಾಜೆಕ್ಟನ್ನು ದುಡ್ಡು ಕೊಟ್ಟು ತಂದು ಡಿಗ್ರಿ ಪಡೆದವನು ನಾನು. ಅವನಿಗೆ ಉತ್ತರ ಇವತ್ತು ಹೇಳ್ತೀನಿ.

ಬಾಲ್ಡೊಮೆರೊ ಒಲಿವೆರಾ ಅಂತ ಒಬ್ಬ ವಿಜ್ಞಾನಿ. ಫಿಲಿಪ್ಪೀನ್ಸ್ ದೇಶದವರು. ಅಮೆರಿಕದ ಕ್ಯಾಲ್‌ಟೆಕ್‌ನಲ್ಲಿ ಪಿಎಚ್.ಡಿ., ಸ್ಟ್ಯಾನ್‌ಫೋರ್ಡ್‌ನಲ್ಲಿ ಡಿಎನ್‌ಎ ಸಂಶೋಧನೆ. 1960ರ ದಶಕದ ಕೊನೆಗೆ ಊರಿಗೆ ಮರಳಿದರೆ, ಆ ಕೆಲಸ ಮುಂದುವರಿಸಲು ಬೇಕಾದ ಉಪಕರಣಗಳೇ ಇಲ್ಲ! ಚಿಕ್ಕಂದಿನಲ್ಲಿ ಕಪ್ಪೆಚಿಪ್ಪು, ಶಂಖ ಆರಿಸುವ ಹುಚ್ಚಿತ್ತು. ಅಲ್ಲಿನ ಸಮುದ್ರದಲ್ಲಿ ಕೋನ್ ಸ್ನೇಲ್ ಅನ್ನೋ ಬಸವನಹುಳು ಇದೆ. ಅದರ ಒಂದು ಜಾತಿ ಕುಟುಕಿದರೆ ಮನುಷ್ಯನೇ ಸಾಯಬಹುದು. ಆ ವಿಷದಲ್ಲಿ ಏನಿದೆ? ಈ ಪ್ರಶ್ನೆ ಕೇಳೋಕೆ ಕೋಟಿ ರೂಪಾಯಿ ಯಂತ್ರ ಬೇಡ.

ಮುಂದೆ ಅಮೆರಿಕದ ಯೂಟಾ ವಿಶ್ವವಿದ್ಯಾಲಯದಲ್ಲಿ ಕ್ರೇಗ್ ಕ್ಲಾರ್ಕ್ ಅನ್ನೋ ಡಿಗ್ರಿ ಹುಡುಗ, ವಿಷದ ಒಂದೊಂದು ಅಂಶವನ್ನೂ ಬೇರ್ಪಡಿಸಿ ನೇರ ಇಲಿಯ ಮಿದುಳಿಗೇ ಕೊಟ್ಟು ನೋಡೋಣ ಅಂದ. ಒಂದು ಇಲಿ ನಿದ್ದೆಗೆ ಬಿತ್ತು, ಇನ್ನೊಂದು ಗಡಗಡ ನಡುಗಿತು. ಆ ನಡುಗಿಸುವ ಗುಂಪಿಗೆ ಸೇರಿದ ಒಂದು ಅಂಶವನ್ನು ಹೊರತೆಗೆದವನು ಮೈಕೆಲ್ ಮ್ಯಾಕಿಂಟಾಷ್. ಆಗಷ್ಟೇ ಹೈಸ್ಕೂಲ್ ಮುಗಿಸಿದ್ದ ಹುಡುಗ!

ನಮ್ಮ ನರಕೋಶಗಳ ಪೊರೆಯಲ್ಲಿ ಸಣ್ಣ ಸಣ್ಣ ಬಾಗಿಲುಗಳಿವೆ. ಅವೇ ಅಯಾನ್ ಚಾನೆಲ್. ನೋವಿನ ಸಂದೇಶ ಬೆನ್ನುಹುರಿಗೆ ಬಂದಾಗ ಅಲ್ಲಿ ಕ್ಯಾಲ್ಸಿಯಂ ಬಾಗಿಲು ತೆರೆಯುತ್ತೆ, ಸಂದೇಶ ಮುಂದಿನ ನರಕ್ಕೆ ದಾಟುತ್ತೆ. ಈ ವಿಷ ಆ ಬಾಗಿಲಿಗೆ ಅಗಳಿ ಹಾಕುತ್ತದೆ. 25 ಅಮೈನೋ ಆಮ್ಲಗಳ ಅದೇ ಸರಪಳಿಯನ್ನು ಕಾರ್ಖಾನೆಯಲ್ಲಿ ತಯಾರಿಸಿ ಮಾಡಿದ ಔಷಧಿ ಜಿಕೊನೊಟೈಡ್. 2004ರ ಡಿಸೆಂಬರ್‌ನಲ್ಲಿ ಅಮೆರಿಕದ ಎಫ್‌ಡಿಎ ಒಪ್ಪಿಗೆ ಕೊಟ್ಟಿತು. ಮಾರ್ಫಿನ್‌ನಂತೆ ಚಟ ಹಿಡಿಸುವುದಿಲ್ಲ. ಹಾಗಂತ ಸಂಜೀವಿನಿಯೂ ಅಲ್ಲ ಸ್ವಾಮಿ. ಪಂಪ್ ಮೂಲಕ ಬೆನ್ನುಹುರಿಯ ದ್ರವಕ್ಕೇ ಹರಿಸಬೇಕು. ಕೆಲವರಿಗೆ ಗೊಂದಲ, ಭ್ರಮೆ ಉಂಟಾಗುತ್ತದೆ. ಬೇರೆ ಯಾವುದಕ್ಕೂ ಬಗ್ಗದ ನೋವಿಗೆ ಮಾತ್ರ ಅದು.

ಈಗ ಆ ಹುಡುಗನಿಗೆ. ತಮ್ಮಾ, ಉಪಕರಣ ಇಲ್ಲ ಅಂದರೂ ಪ್ರಶ್ನೆ ಹುಟ್ಟುತ್ತೆ, ನಿಜ. ಆದರೆ ಉತ್ತರ ಸಿಕ್ಕಿದ್ದು ಎಲ್ಲಿ? ಯೂಟಾದಲ್ಲಿ. ಇದನ್ನು ಮುಚ್ಚಿಟ್ಟು ನಿನಗೆ ಬರೀ ಸ್ಫೂರ್ತಿ ಕಥೆ ಹೇಳಿದರೆ ಅದು ಮೋಸ. ನೀನು ಪ್ರಶ್ನೆ ಬಿಡಬೇಡ. ಅದಕ್ಕೆ ಲ್ಯಾಬ್ ಕೊಡಬೇಕಾದವರನ್ನು ಬಿಡದೆ ಕೇಳುವ ಕೆಲಸ ನನ್ನದು.