ರೈಸೀನಾ ಗುಡ್ಡದ ಮನೆ

(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ನಮ್ಮ ಶಾಲೆಗಳ ಮಕ್ಕಳು ದೆಹಲಿ ಪ್ರವಾಸಕ್ಕೆ ಹೋದರೆ ಕೆಂಪುಕೋಟೆ, ಜಾಮಾ ಮಸೀದಿ, ಕುತುಬ್ ಮಿನಾರ್ ನೋಡುತ್ತಾರೆ. ಮರುದಿನ ಆಗ್ರಾ. ರಾಷ್ಟ್ರಪತಿ ಭವನವನ್ನು ಮಾತ್ರ ದೂರದಿಂದ ಗುಮ್ಮಟ ನೋಡಿ ಬಿಟ್ಟುಬಿಡುತ್ತೇವೆ. “ಒಳಗೆ ನಮ್ಮಂಥವರನ್ನು ಬಿಡ್ತಾರಾ ಸರ್?” ಎಂದು ಮಕ್ಕಳು ಕೇಳುತ್ತಾರೆ. ಬಿಡುತ್ತಾರೆ. ಮೊದಲೇ ಹೆಸರು ನೋಂದಾಯಿಸಿರಬೇಕು, ಅಷ್ಟೇ. ಆದರೆ ಆ ಪ್ರಶ್ನೆ ಮಕ್ಕಳ ಬಾಯಿಗೆ ಬಂದದ್ದೇಕೆ ಎಂದು ಹಿರಿಯರಾದ ನಾವು ಯೋಚಿಸಬೇಕು.

ಆ ಮನೆ ಕಟ್ಟಿದ್ದು ನಮಗಾಗಿ ಅಲ್ಲ, ನಿಜ. 1911ರ ಡಿಸೆಂಬರ್ 12ರಂದು ದೆಹಲಿ ದರ್ಬಾರಿನಲ್ಲಿ ಐದನೇ ಜಾರ್ಜ್ ದೊರೆ, ರಾಜಧಾನಿ ಕಲ್ಕತ್ತೆಯಿಂದ ದೆಹಲಿಗೆ ಬರುತ್ತದೆ ಎಂದು ಘೋಷಿಸಿದ. ವೈಸರಾಯ್‌ಗೆ ಮನೆ ಬೇಕಾಯಿತು. ರೈಸೀನಾ ಮತ್ತು ಮಾಲ್ಚಾ ಎಂಬ ಹಳ್ಳಿಗಳ ಸುಮಾರು 300 ಕುಟುಂಬಗಳನ್ನು 1894ರ ಭೂಸ್ವಾಧೀನ ಕಾಯ್ದೆಯಡಿ ಎಬ್ಬಿಸಿ ಜಾಗ ಮಾಡಿದರು. ನಕ್ಷೆ ಎಡ್ವಿನ್ ಲುಟ್ಯೆನ್ಸ್ ಅವರದು. ಮುಖ್ಯ ಕಟ್ಟಡ ಕಟ್ಟಿದ ಗುತ್ತಿಗೆದಾರರ ಹೆಸರು ಹಾರೂನ್ ಅಲ್ ರಶೀದ್. (ಬಾಗ್ದಾದಿನ ಖಲೀಫರಲ್ಲ, ಮಕ್ಕಳೇ!) ಮುಂಭಾಗದ ಅಂಗಳದ ಕೆಲಸ ಸುಜಾನ್ ಸಿಂಗ್ ಮತ್ತು ಅವರ ಮಗ ಶೋಭಾ ಸಿಂಗ್ ಅವರದು. ಸುಮಾರು 70 ಕೋಟಿ ಇಟ್ಟಿಗೆ, 340 ಕೋಣೆ, 330 ಎಕರೆ ಆವರಣ. ನಾಲ್ಕು ವರ್ಷದ ಕೆಲಸವೆಂದು ಶುರುವಾದದ್ದು, ಮಧ್ಯೆ ಮಹಾಯುದ್ಧ ಬಂದು, ಮುಗಿಯಲು 17 ವರ್ಷ ಹಿಡಿಯಿತು. ಬ್ರಿಟಿಷರು ಅಲ್ಲಿ ಕುಳಿತು ಆಳಿದ್ದು ಎಷ್ಟು ವರ್ಷ? 1931ರಿಂದ 1947. ಲೆಕ್ಕ ನೀವೇ ಮಾಡಿ.

1947ರ ಆಗಸ್ಟ್ 15ರ ಬೆಳಿಗ್ಗೆ ಆ ಮನೆಯ ದರ್ಬಾರ್ ಹಾಲ್‌ನಲ್ಲಿಯೇ ಸ್ವತಂತ್ರ ಭಾರತದ ಮಂತ್ರಿಮಂಡಲ ಪ್ರಮಾಣವಚನ ಸ್ವೀಕರಿಸಿತು. ಅದರಲ್ಲಿ ಶಿಕ್ಷಣ ಮಂತ್ರಿಗಳಾಗಿ ಮೌಲಾನಾ ಅಬುಲ್ ಕಲಾಂ ಆಜಾದ್ ಇದ್ದರು. ಮೊದಲ ಭಾರತೀಯ ಗವರ್ನರ್ ಜನರಲ್ ರಾಜಾಜಿಯವರು ವೈಸರಾಯ್ ಮಲಗುತ್ತಿದ್ದ ದೊಡ್ಡ ಕೋಣೆಗಳು ಬೇಡವೆಂದು ಸಣ್ಣ ಭಾಗದಲ್ಲಿ ವಾಸ ಮಾಡಿದರು. ಮುಂದಿನ ರಾಷ್ಟ್ರಪತಿಗಳೂ ಅದೇ ಪದ್ಧತಿ ಇಟ್ಟುಕೊಂಡರು. ದೊಡ್ಡ ಕೋಣೆಗಳು ಅತಿಥಿಗಳಿಗಾದವು.

1967ರಲ್ಲಿ ಆ ಮನೆಗೆ ಒಬ್ಬ ಮೇಷ್ಟ್ರು ಬಂದರು, ಡಾ. ಜಾಕಿರ್ ಹುಸೇನ್. ಜಾಮಿಯಾ ಮಿಲ್ಲಿಯಾ ಇಸ್ಲಾಮಿಯಾವನ್ನು 22 ವರ್ಷ ನಡೆಸಿದವರು, ಮಕ್ಕಳಿಗಾಗಿ ಉರ್ದುವಿನಲ್ಲಿ ‘ಅಬ್ಬೂ ಖಾನ್ ಕೀ ಬಕರೀ’ ಬರೆದವರು. ಗುಲಾಬಿ ಎಂದರೆ ಅವರಿಗೆ ಪ್ರಾಣ. 1969ರ ಮೇ 3ರಂದು ಅಧಿಕಾರದಲ್ಲಿದ್ದಾಗಲೇ ತೀರಿಕೊಂಡರು. ಅವರ ಖಬರು ಇರುವುದು ಜಾಮಿಯಾದ ಆವರಣದಲ್ಲಿ. ಮುಂದೆ ಫಕ್ರುದ್ದೀನ್ ಅಲಿ ಅಹಮದ್ ಬಂದರು. 1975ರ ಜೂನ್ 25ರ ರಾತ್ರಿ ತುರ್ತುಪರಿಸ್ಥಿತಿಗೆ ಸಹಿ ಹಾಕಿದವರು ಅವರೇ. ನಮ್ಮವರೆಂದು ಹೆಮ್ಮೆ ಪಡುವಾಗ ಇದನ್ನು ಮಕ್ಕಳಿಂದ ಮುಚ್ಚಿಡಬಾರದು. 1977ರಲ್ಲಿ ಅವರು ನಿಧನರಾದ ಮೇಲೆ ಹಂಗಾಮಿ ರಾಷ್ಟ್ರಪತಿಗಳಾದವರು ನಮ್ಮ ಜಮಖಂಡಿ ಕಡೆಯ ಬಿ.ಡಿ. ಜತ್ತಿ.

ಕಲಾಂ ಸಾಹೇಬರು 2002ರಿಂದ 2007ರವರೆಗೆ ಇದ್ದರು. 2006ರಲ್ಲಿ ಅವರ ಬಂಧುಗಳು ಸುಮಾರು ಐವತ್ತು ಮಂದಿ ಭವನದಲ್ಲಿ ಕೆಲ ದಿನ ತಂಗಿದ್ದರು. ಅವರ ಕೋಣೆ, ಊಟದ ಖರ್ಚನ್ನೆಲ್ಲ ಲೆಕ್ಕ ಹಾಕಿಸಿ ಮೂರು ಲಕ್ಷಕ್ಕೂ ಹೆಚ್ಚು ರೂಪಾಯಿಯನ್ನು ಕಲಾಂ ಸ್ವಂತ ಹಣದಿಂದ ಕಟ್ಟಿದರೆಂದು ಅವರ ಕಾರ್ಯದರ್ಶಿಯಾಗಿದ್ದ ಪಿ.ಎಂ. ನಾಯರ್ ಹೇಳಿದ್ದಾರೆ. ಕಣ್ಣು ಕಾಣದವರು ಮುಟ್ಟಿ, ಮೂಸಿ ಗಿಡಗಳನ್ನು ತಿಳಿಯುವ ತೋಟ ಅಲ್ಲಿ ಆದದ್ದೂ ಅವರ ಕಾಲದಲ್ಲಿ.

ಈಗ ನೋಡುವ ವಿಚಾರ. ಮುಖ್ಯ ಕಟ್ಟಡಕ್ಕೆ ಒಂದು ಸುತ್ತು, ವಸ್ತುಸಂಗ್ರಹಾಲಯಕ್ಕೆ ಇನ್ನೊಂದು. ಎರಡಕ್ಕೂ ರಾಷ್ಟ್ರಪತಿ ಭವನದ ವೆಬ್‌ಸೈಟಿನಲ್ಲಿ ಮೊದಲೇ ಬುಕ್ ಮಾಡಬೇಕು, ಶುಲ್ಕ ಅಲ್ಪ. ದರ್ಬಾರ್ ಹಾಲ್‌ಗೆ 2024ರಿಂದ ಗಣತಂತ್ರ ಮಂಟಪ ಎಂದು ಹೆಸರು. ಅಲ್ಲಿ ಗುಪ್ತರ ಕಾಲದ ಬುದ್ಧನ ವಿಗ್ರಹವಿದೆ. ಅಶೋಕ ಮಂಟಪದಲ್ಲಿ ತಲೆ ಎತ್ತಿ ನೋಡಿ: ಇರಾನಿನ ಫತೇ ಅಲಿ ಷಾ ಬೇಟೆಯಾಡುವ ಚಿತ್ರ ಛಾವಣಿಯ ತುಂಬ ಇದೆ. ವಸ್ತುಸಂಗ್ರಹಾಲಯವನ್ನು ಹಳೆಯ ಕುದುರೆ ಲಾಯ, ಗ್ಯಾರೇಜುಗಳಲ್ಲಿ ಮಾಡಿದ್ದಾರೆ. ಮೊಘಲರ ಚಾರ್‌ಬಾಗ್ ಮಾದರಿಯ ತೋಟ (2023ರಿಂದ ಅಮೃತ ಉದ್ಯಾನ) ಫೆಬ್ರುವರಿ-ಮಾರ್ಚಿನಲ್ಲಿ ತೆರೆಯುತ್ತದೆ. ನಮ್ಮ ಪರೀಕ್ಷೆಯ ಹೊತ್ತಿಗೇ! ಕೆಳಗಿನ ತರಗತಿಯವರನ್ನಾದರೂ ಕರೆದೊಯ್ಯಬಹುದು.

ಶಿಕ್ಷಕ ಮಿತ್ರರಿಗೊಂದು ಮಾತು. ಬುಕ್ ಮಾಡುವಾಗ ಮಕ್ಕಳ ಹೆಸರನ್ನು ಗುರುತಿನ ಚೀಟಿಯಲ್ಲಿರುವಂತೆಯೇ ಬರೆಯಿರಿ. ನಮ್ಮಲ್ಲಿ ಒಂದೇ ಹುಡುಗ ಶಾಲೆಯ ದಾಖಲೆಯಲ್ಲಿ ‘ಮಹಮ್ಮದ್’, ಆಧಾರ್‌ನಲ್ಲಿ ‘ಎಂಡಿ’. ಬಾಗಿಲಲ್ಲಿ ನಿಂತು ವಾದ ಮಾಡುವ ಬದಲು ಊರಿನಲ್ಲೇ ಸರಿಮಾಡಿಕೊಳ್ಳುವುದು ಲೇಸು. ಈ ಹೆಸರಿನ ತೊಂದರೆ ಮುಂದೆ ವಿದ್ಯಾರ್ಥಿವೇತನಕ್ಕೂ ಅಡ್ಡ ಬರುವಂಥದ್ದೇ.

ದೆಹಲಿ ದೂರವಾದರೆ ಹೈದರಾಬಾದಿನ ಬೊಲಾರಂನಲ್ಲಿ ರಾಷ್ಟ್ರಪತಿ ನಿಲಯಂ ಇದೆ. 1860ರಲ್ಲಿ ಕಟ್ಟಿದ್ದು, ರಾಷ್ಟ್ರಪತಿಗಳು ದಕ್ಷಿಣಕ್ಕೆ ಬಂದಾಗ ತಂಗುವ ಮನೆ. 2023ರ ಮಾರ್ಚಿನಿಂದ ಅವರು ತಂಗುವ ದಿನಗಳನ್ನು ಬಿಟ್ಟು ವರ್ಷವಿಡೀ ಜನರಿಗೆ ತೆರೆದಿದ್ದಾರೆ. ಬೀದರ್, ಕಲಬುರಗಿಯ ಮಕ್ಕಳಿಗೆ ಅದು ಹತ್ತಿರ. ಮುಂದಿನ ವರ್ಷದ ಪ್ರವಾಸದ ಪಟ್ಟಿ ಬರೆಯುವಾಗ ಸಂಘದವರು ಇದನ್ನು ಮೊದಲು ಸೇರಿಸಬೇಕೆಂದು ನನ್ನ ವಿನಂತಿ.